ಬೇಡಪ್ಪ ಹೂಂ ಅಂದಿದ್ದು

ಬೇಡಪ್ಪನಿಗೆ ತಂದೆತಾಯಿ ಇಟ್ಟ ಹೆಸರು ಬೇರೆಯೇ ಇತ್ತು. ಅದು ಮದುವೆಯ ಕರೆಯೋಲೆಯಲ್ಲಿ ಒಮ್ಮೆ ಅಚ್ಚಾಗಿದ್ದು ಬಿಟ್ಟರೆ ಆಮೇಲೆ ಯಾರ ಬಾಯಲ್ಲೂ ಬಂದಿದ್ದಿಲ್ಲ. ಬೇಡಪ್ಪ ಅಂತ ಕರೆದವರು ಕಚೇರಿಯವರು. ಊರಿಗೆ ನೀರೆತ್ತುವ ಪಂಪುಗಳ ಮೇಲೆ ಕಣ್ಣಿಡುವ ಕಚೇರಿ ಅದು. ಹಾಸಿಗೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿತ್ತು. ಕಿಟಕಿ ತೆಗೆದರೆ ಹತ್ತಿಯ ಧೂಳು, ಮುಚ್ಚಿದರೆ ಸೆಕೆ. ತೆಗೀಲಾ ಅಂತ ಕೇಳಿದರೂ ಅವನು ಬೇಡ ಅನ್ನುತ್ತಿದ್ದ, ಮುಚ್ಚಲಾ ಅಂದರೂ ಬೇಡ ಅನ್ನುತ್ತಿದ್ದ. ಚಹಾಕ್ಕೆ ಸಕ್ಕರೆ ಬೇಡ, ಹೊಸ ಕುರ್ಚಿ ಬೇಡ, ಬಡ್ತಿಯ ಜೊತೆಗೆ ಬರುವ ಗಾಜಿನ ಕೋಣೆ ಬೇಡ. ಸಿಟ್ಟೇನೂ ಇರಲಿಲ್ಲ, ಸೊಕ್ಕೂ ಇರಲಿಲ್ಲ. ಬಾಗಿಲು ತಟ್ಟಿದರೆ ನಾವು ನೀವು ‘ಯಾರು?’ ಅಂತ ಕೇಳುವುದಿಲ್ಲವೇ, ಹಾಗೆ ಅವನ ಬಾಯಿಗೆ ಮೊದಲು ಬರುತ್ತಿದ್ದದ್ದು ಆ ಮಾತು. ಆಮೇಲೆ ಬೇಕು ಅನ್ನಿಸಿದರೂ, ಅಂದ ಮಾತನ್ನು ವಾಪಸು ತೆಗೆದುಕೊಳ್ಳುವುದಕ್ಕೆ ನಾಚಿಕೆ.

ಇಂಥ ಮನುಷ್ಯ ಒಂದು ಕೆಲಸವನ್ನು ಮಾತ್ರ ಯಾರೂ ಕೇಳದೆ ಮಾಡಿದ್ದ. ಪಂಪ್‌ಹೌಸಿನ ಯಂತ್ರವೂ ಕಚೇರಿಯ ಕಂಪ್ಯೂಟರೂ ತಮ್ಮತಮ್ಮಲ್ಲಿ ಮಾತಾಡಬೇಕಲ್ಲ? ಟ್ಯಾಂಕಿನಲ್ಲಿ ನೀರು ಎಲ್ಲಿಯವರೆಗೆ ಬಂತು, ಮೋಟರು ಬಿಸಿಯಾಗಿದೆಯೋ, ವಾಲ್ವು ತೆಗೆದಿದೆಯೋ ಮುಚ್ಚಿದೆಯೋ ಇತ್ಯಾದಿ. ಆ ಮಾತುಕತೆಗೆ ಬೇಕಾದ ಕೋಡನ್ನೆಲ್ಲ, ಅಂದರೆ ಆ ಕಡೆಯವರನ್ನು ಕರೆಯುವುದು, ಅವರು ಎಚ್ಚರವಾಗಿದ್ದಾರಾ ನೋಡುವುದು, ಲೈನು ತಪ್ಪಿದರೆ ಮತ್ತೆ ಹಿಡಿಯುವುದು, ಇದನ್ನೆಲ್ಲ ಅಚ್ಚುಕಟ್ಟಾಗಿ ಒಂದು ಕಟ್ಟು ಮಾಡಿಟ್ಟಿದ್ದ. ಇಂಥ ಕಟ್ಟಿಗೆ ಆ ಕಸುಬಿನವರು ಲೈಬ್ರರಿ ಅನ್ನುತ್ತಾರೆ. ಅಂಗಡಿಯಿಂದ ನಲ್ಲಿ ತಂದು ಬಚ್ಚಲಿಗೆ ಹಾಕಿಸಿಕೊಂಡಂತೆ, ಬೇಕಾದವರು ಅದನ್ನು ಎತ್ತಿಕೊಂಡು ತಮ್ಮ ಪ್ರೋಗ್ರಾಮಿನೊಳಗೆ ಕೂರಿಸಿಕೊಳ್ಳಬಹುದು. ಕಚೇರಿಯ ಒಪ್ಪಿಗೆ ಪಡೆದು ಅವನು ಅದನ್ನು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಇಟ್ಟ. ಹೆಸರು ಇಡುವಾಗ ಸ್ವರಗಳೂ ಬೇಡ ಅನ್ನಿಸಿ ಬರೀ ವ್ಯಂಜನಗಳನ್ನು ಸಾಲಾಗಿ ನಿಲ್ಲಿಸಿದ. ಹಾಗಾಗಿ ಅದನ್ನು ಬಳಸುವವರು ಸಾವಿರಾರು ಜನ ಆದರೂ, ಬಾಯಿಬಿಟ್ಟು ಅದರ ಹೆಸರು ಹೇಳಿದವನು ಒಬ್ಬನೂ ಇಲ್ಲ. ಅಲ್ಲಿ ಅವನಿಗೂ ಹೆಸರಿರಲಿಲ್ಲ. ಯಾವುದೋ ಕಾಲದ ಸಿಬ್ಬಂದಿ ಸಂಖ್ಯೆಯೇ ಅವನ ಗುರುತು.

ಬಳಸುವವರು ಹೆಚ್ಚಾದಂತೆ ಕೇಳುವವರೂ ಹೆಚ್ಚಾದರು. ಎಲ್ಲರದೂ ಒಂದೇ ಬೇಡಿಕೆ. ‘ಬ್ರೌಸರಿನಿಂದ ನೇರವಾಗಿ ಈ ಲೈಬ್ರರಿಯ ಜೊತೆ ಮಾತಾಡೋ ಹಾಗಿರಬೇಕು. ಲೈನು ತೆರೆದೇ ಇರಬೇಕು, ಈ ಕಡೆ ಆದದ್ದು ಆ ಕಡೆ ತಕ್ಷಣ ಕಾಣಬೇಕು. ಮತ್ತೆ ದಾರೀಲಿ ಯಾರೂ ಕದ್ದು ಓದದ ಹಾಗೆ ಬೀಗ ಇರಬೇಕು. ದಯವಿಟ್ಟು ಮಾಡಿಕೊಡಿ.’

ಬೇಡಪ್ಪ ಉತ್ತರ ಬರೆದ: ‘ಬೇಡ. ಈ ಲೈಬ್ರರಿಯ ಉದ್ದೇಶ ಅದಲ್ಲ.’

ಬರೆದು ಓದಿಕೊಂಡ. ಎಷ್ಟು ಚೊಕ್ಕ ಇದೆ ಅನ್ನಿಸಿತು. ಮುಂದೆ ಯಾರೇ ಕೇಳಲಿ, ಅದನ್ನೇ ಎತ್ತಿ ಅಂಟಿಸುತ್ತ ಹೋದ. ಅವನ ವಾದ ಇಷ್ಟೇ: ಬ್ರೌಸರ್ ಇರುವುದು ಪೇಪರ್ ಓದುವುದಕ್ಕೆ, ಪಂಪು ಪೇಪರ್ ಓದುವುದಿಲ್ಲ. ಇನ್ನು ಬೀಗದ ಮಾತು. ಟ್ಯಾಂಕಿನಲ್ಲಿ ಎಷ್ಟು ನೀರಿದೆ ಅನ್ನುವುದನ್ನು ಕದ್ದು ಯಾರು ಉದ್ಧಾರವಾಗಬೇಕು?

ಈ ನಡುವೆ ಕಚೇರಿಗೆ ಹೊಸ ನಿರ್ದೇಶಕ ಬಂದ. ಬಂದವನೇ ಬಣ್ಣಬಣ್ಣದ ನಕಾಶೆಗಳು ಕುಣಿಯುವ ಒಂದು ಸಿದ್ಧ ವ್ಯವಸ್ಥೆಯನ್ನು ಹೊರಗಿನಿಂದ ತರಿಸಿದ. ಬೇಡಪ್ಪನ ಲೈಬ್ರರಿಯನ್ನು ಪಂಪುಗಳಿಂದ ಕಿತ್ತುಹಾಕಿದರು. ಅದಕ್ಕೂ ಅವನ ಅಭಿಪ್ರಾಯ ಕೇಳಿದ್ದರು. ಅವನು ಬೇಡ ಅಂದಿದ್ದ. ಎಲ್ಲರೂ ಅಭ್ಯಾಸದಂತೆ ತಲೆಯಾಡಿಸಿ ಮುಂದೆ ಹೋಗಿದ್ದರು. ಹೀಗೆ ಯಾವ ಉದ್ದೇಶವನ್ನು ಕಾಯುತ್ತ ಕೂತಿದ್ದನೋ ಆ ಉದ್ದೇಶವೇ ಇಲ್ಲವಾಯಿತು. ಮರುದಿನ ಇನ್ಯಾರೋ ಬ್ರೌಸರಿನ ಮಾತೆತ್ತಿದರು. ‘ಬೇಡ. ಈ ಲೈಬ್ರರಿಯ ಉದ್ದೇಶ ಅದಲ್ಲ’ ಅಂತ ಅವನು ಅಂಟಿಸಿದ.

ಮನೆಯಲ್ಲಿ ಹೆಂಡತಿ, ಮತ್ತೆ ಹೆಂಡತಿಯ ತಾಯಿ. ಹೆಂಡತಿಯದು ಬೆರಳಿನ ಕಸುಬು. ಮೊದಲು ನ್ಯಾಯಾಲಯದಲ್ಲಿ ಸಾಕ್ಷಿಗಳು ಹೇಳಿದ್ದನ್ನು ಟೈಪು ಮಾಡುತ್ತಿದ್ದಳು. ಈಗ ಸಭೆಗಳಿಗೆ, ಆಸ್ಪತ್ರೆಗಳಿಗೆ ಹೋಗಿ, ಅಲ್ಲಿ ಆಡಿದ ಮಾತನ್ನೆಲ್ಲ ಆಗಿಂದಾಗಲೇ ಟೈಪು ಮಾಡುತ್ತಾಳೆ. ಕಿವಿ ಕೇಳದವರು ಅದನ್ನು ಪರದೆಯ ಮೇಲೋ ತಮ್ಮ ಫೋನಿನಲ್ಲೋ ಓದಿಕೊಳ್ಳುತ್ತಾರೆ. ಚಪ್ಪಾಳೆ ಬಿದ್ದರೆ ‘(ಚಪ್ಪಾಳೆ)’, ನಕ್ಕರೆ ‘(ನಗು)’ ಅಂತಲೂ ಹಾಕಬೇಕು. ಆ ಪುಟವನ್ನು ನಡೆಸುವವಳು ದಪ್ಪ ಕನ್ನಡಕದ ಒಬ್ಬ ಹೆಂಗಸು, ಒಬ್ಬಳೇ. ಮನೆಯಲ್ಲಿ ಅವಳ ಹೆಸರು ಕನ್ನಡಕದವಳು ಅಂತಲೇ. ಗಂಡನ ಕಸುಬಿನ ಬಗ್ಗೆ ಹೆಂಡತಿಗೆ ಗೊತ್ತಿದ್ದದ್ದು ‘ಪಂಪಿನ ಕೆಲಸ’ ಅನ್ನುವುದಷ್ಟೇ. ಲೈಬ್ರರಿಯ ಬಗ್ಗೆ ಮದುವೆಯಾದ ಹೊಸತರಲ್ಲಿ ಅವನು ಒಮ್ಮೆ ವಿವರಿಸಿದ್ದ, ಅವಳು ಹೌದಾ ಅಂದಿದ್ದಳು. ಆ ವಿಷಯ ಅಲ್ಲಿಗೆ ಮುಗಿದಿತ್ತು.

ಒಂದು ದಿನ ಊಟಕ್ಕೆ ಕೂತಾಗ ಹೆಂಡತಿ ಶುರು ಮಾಡಿದಳು.

“ರೀ, ಇವತ್ತು ಕನ್ನಡಕದವಳಿಗೆ ಎಂಥಾ ಸಿಟ್ಟು ಬಂದಿತ್ತು ಅಂತೀರಿ! ನಾನು ಟೈಪ್ ಮಾಡಿದ್ದು ಜನಕ್ಕೆ ತಡವಾಗಿ ಹೋಗುತ್ತೆ ಅಂತ ದಿನಾ ಗೊಣಗ್ತಿದ್ನಲ್ಲ, ಅದು ಅವಳ ತಪ್ಪಲ್ಲವಂತೆ. ಯಾವುದೋ ಲೈಬ್ರರಿ ತಪ್ಪಂತೆ.”

“ಲೈಬ್ರರಿನಾ?” ಅಂದ ಬೇಡಪ್ಪ.

“ನಾನೂ ಹಾಗೇ ಕೇಳಿದೆ. ಪುಸ್ತಕದ್ದಲ್ಲವಂತೆ, ಕಂಪ್ಯೂಟರಿಂದು. ಅದಕ್ಕೆ ಲೈನು ತೆರೆದಿಟ್ಟುಕೊಳ್ಳೋಕೇ ಬರಲ್ಲವಂತೆ. ಫೋನುಗಳು ಆಗಾಗ ತಾವಾಗೇ ಹೋಗಿ, ಏನಾದ್ರೂ ಬಂತಾ, ಏನಾದ್ರೂ ಬಂತಾ ಅಂತ ಕೇಳ್ತಾನೇ ಇರಬೇಕಂತೆ. ಅಷ್ಟು ಹೊತ್ತಿಗೆ ಇಲ್ಲಿ ಮಾತು ಎಲ್ಲಿಗೋ ಹೋಗಿರುತ್ತೆ.”

“ಬೇರೆ ಲೈಬ್ರರಿ ಹಾಕ್ಕೊಳ್ಳಲಿ.”

“ಹಾಕ್ಕೊಂಡ್ರೆ ಇಡೀ ಮನೇನೇ ಕೆಡವಿ ಕಟ್ಟಬೇಕಂತೆ. ಅದಿರಲಿ, ಅದಕ್ಕೊಬ್ಬ ಯಜಮಾನ ಇದಾನಂತೆ ಕಣ್ರೀ. ಪ್ರಪಂಚದೋರೆಲ್ಲ ಕೈಮುಗಿದು ಕೇಳಿಕೊಂಡ್ರೂ ಆ ಪುಣ್ಯಾತ್ಮ ಏನಂತಾನೆ ಗೊತ್ತಾ? ‘ಬೇಡ. ಈ ಲೈಬ್ರರಿಯ ಉದ್ದೇಶ ಅದಲ್ಲ.’ ಅಷ್ಟೇ! ಒಂದು ನಮಸ್ಕಾರ ಇಲ್ಲ, ಮಣ್ಣಿಲ್ಲ.”

ಬೇಡಪ್ಪನಿಗೆ ತುತ್ತು ನೆತ್ತಿಗೆ ಹತ್ತಿತು.

“ನೀರು ಕುಡೀರಿ,” ಅಂತ ಲೋಟ ಸರಿಸಿದಳು. “ಅವನ ಹೆಂಡತಿ ಅದು ಹೇಗೆ ಬಾಳ್ತಿದಾಳೋ, ಪಾಪ!”

“ಹೊಂದಿಕೊಂಡಿರಬಹುದು,” ಅಂದ ಬೇಡಪ್ಪ, ನೀರು ಕುಡಿದು.

ಎದುರಿಗೆ ಕೂತಿದ್ದ ಅತ್ತೆ ಇಬ್ಬರ ತುಟಿಗಳನ್ನೂ ನೋಡಿದರು. ವಯಸ್ಸಾದಂತೆ ಅವರ ಕಿವಿ ಪೂರ್ತಿ ಕೈಕೊಟ್ಟಿತ್ತು. “ಏನಂತೆ?” ಅಂದರು, ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ. ಮಗಳು ಕೈಯಾಡಿಸಿ ಏನಿಲ್ಲ ಅಂದಳು. ಕಿವಿ ಹೋದಮೇಲೆ ಅತ್ತೆ ಅತಿ ಹೆಚ್ಚು ದ್ವೇಷಿಸಿದ ಮಾತು ಈ ‘ಏನಿಲ್ಲ’. ಇಷ್ಟು ಹೊತ್ತು ಇಬ್ಬರೂ ಬಾಯಿ ಆಡಿಸಿ ಏನೂ ಇಲ್ಲ ಅಂದರೆ ಹೇಗೆ?

ಅವತ್ತಿನಿಂದ ಬೇಡಪ್ಪನಿಗೆ ಊಟದ ಹೊತ್ತು ಅಂದರೆ ಒಳಗೊಳಗೇ ಅಳುಕು. ಹೆಂಡತಿ ಆ ಅಪರಿಚಿತ ಯಜಮಾನನನ್ನು ಹೆಚ್ಚುಕಮ್ಮಿ ಮನೆಯ ನೆಂಟನ ಹಾಗೆ ನೆನೆಯುತ್ತಿದ್ದಳು. ಒಂದು ಸಂಜೆಯಂತೂ ಕೈಚೀಲ ಕುರ್ಚಿಯ ಮೇಲೆ ಎಸೆದು, “ಆಸ್ಪತ್ರೆ ಕೆಲಸ ಬಿಟ್ಟುಬಿಟ್ಟೆ,” ಅಂದಳು. “ಡಾಕ್ಟರು ಒಬ್ಬಳಿಗೆ ಅವಳ ಕಾಯಿಲೆ ಏನು ಅಂತ ಹೇಳ್ತಾ ಇದ್ರು. ನಾನು ಟೈಪ್ ಮಾಡ್ತಾ ಇದ್ದೆ, ಅವಳು ಓದಿ ಓದಿ ಅಳ್ತಾ ಇದ್ಲು. ಆಮೇಲೆ ಕನ್ನಡಕದವಳನ್ನ ಕೇಳಿದ್ರೆ, ಅದಕ್ಕೆ ಬೀಗಾನೇ ಇಲ್ಲವಂತೆ. ಆಸ್ಪತ್ರೆ ನೆಟ್‌ವರ್ಕಿನಲ್ಲಿ ಯಾರು ಬೇಕಾದ್ರೂ ಮನಸ್ಸು ಮಾಡಿದ್ರೆ ಓದಬಹುದಂತೆ. ನನ್ನ ಬೆರಳಿಂದ ಅವಳ ಗುಟ್ಟು ಬೀದಿಗೆ ಹೋದ ಹಾಗಾಯ್ತಲ್ಲ?”

ಕನ್ನಡಕದವಳು ಈ ಬೀಗವನ್ನು ಕೇಳಿ ಮೂರು ಸಲ ಬರೆದಿದ್ದಳು. ಮೂರು ಸಲವೂ ಅವನು ಓದುವ ಮೊದಲೇ ಅಂಟಿಸಿದ್ದ.

ಆದರೂ ಅವನು ಅಷ್ಟಕ್ಕೆ ಬಗ್ಗುವವನಲ್ಲ. ಬಗ್ಗಿಸಿದ್ದು ಹಿರಿಯರ ಸಂಘದ ಸಭೆ. ತಿಂಗಳಿಗೊಮ್ಮೆ ಭಾನುವಾರ ಸೇರುವ ಸಂಘ ಅದು. ಸದಸ್ಯರಲ್ಲಿ ಅರ್ಧ ಜನಕ್ಕೆ ಕಿವಿ ಕೇಳುತ್ತಿತ್ತು, ಅರ್ಧ ಜನಕ್ಕೆ ಇಲ್ಲ. ಕೇಳದವರಿಗೆ ಮುಂದಿನ ಸಾಲುಗಳು, ವೇದಿಕೆಯ ಹಿಂದೆ ದೊಡ್ಡ ಪರದೆ, ಪಕ್ಕದ ಮೇಜಿನಲ್ಲಿ ಟೈಪು ಮಾಡಲು ಬೇಡಪ್ಪನ ಹೆಂಡತಿ. ಅವಳು ಬೇಗ ಹೋಗಿದ್ದರಿಂದ ಅತ್ತೆಯನ್ನು ಕರೆದುಕೊಂಡು ಹೋಗುವ ಕೆಲಸ ಅವತ್ತು ಇವನ ಪಾಲಿಗೆ ಬಂತು.

ಸಂಘದ ಕಾರ್ಯದರ್ಶಿ ಮಾತುಗಾರ. ಹಲ್ಲುಸೆಟ್ಟು ಕಳೆದುಕೊಂಡು, ಅದೇ ಹಲ್ಲುಸೆಟ್ಟು ಹಾಕಿಕೊಂಡು ಮನೆಯೆಲ್ಲ ಹುಡುಕಿದ ಒಬ್ಬನ ಕಥೆ ಹೇಳಿದ. ಹಿಂದಿನ ಸಾಲುಗಳು ಹೊಟ್ಟೆ ಹಿಡಿದು ನಕ್ಕವು. ಮುಂದಿನ ಸಾಲುಗಳು ಪರದೆ ನೋಡುತ್ತ ಕಲ್ಲಿನಂತೆ ಕೂತಿದ್ದವು. ನಗು ತಣ್ಣಗಾದಮೇಲೆ ಕಾರ್ಯದರ್ಶಿ ಮುಖ ಗಂಭೀರ ಮಾಡಿಕೊಂಡು, ಕಳೆದ ವಾರ ತೀರಿಕೊಂಡ ಸದಸ್ಯರೊಬ್ಬರ ಹೆಸರು ಹೇಳಿದ. ಅವರ ಹೆಂಡತಿ ವೇದಿಕೆಯ ಪಕ್ಕದಲ್ಲೇ ಕೂತಿದ್ದರು. “ಎಲ್ಲರೂ ಎದ್ದು ನಿಂತು ಮೌನ ಆಚರಿಸೋಣ,” ಅಂದ. ಹಿಂದಿನವರು ಎದ್ದರು. ಅವರನ್ನು ನೋಡಿ ಮುಂದಿನವರೂ ಎದ್ದರು. ಸಭೆಯಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ಮೌನ.

ಆಗ ಪರದೆಯ ಮೇಲೆ ಹಲ್ಲುಸೆಟ್ಟು ಬಂತು.

ಮೊದಲು ನಕ್ಕವರು ಬೇಡಪ್ಪನ ಅತ್ತೆ. ತಮ್ಮ ನಗು ಎಷ್ಟು ದೊಡ್ಡದು ಅನ್ನುವುದು ಅವರಿಗೆ ಕೇಳಿಸುವುದೇ ಇಲ್ಲವಲ್ಲ. ಖುಷಿಯಾಗಿ, ಪೂರ್ತಿ ಗಂಟಲಿನಿಂದ ನಕ್ಕರು. ಜೊತೆಗೆ ಮುಂದಿನ ಸಾಲೆಲ್ಲ ನಕ್ಕಿತು. ತೀರಿಕೊಂಡವರ ಹೆಂಡತಿ ತಲೆಯೆತ್ತಿ ನೋಡಿದರು. ಹಿಂದಿನವರು ಶ್ ಶ್ ಅಂದರು, ಆದರೆ ಅದು ಕೇಳಿಸಬೇಕಾದವರಿಗೆ ಕೇಳಿಸುವುದು ಹೇಗೆ? ಮೇಜಿನ ಹಿಂದೆ ಬೇಡಪ್ಪನ ಹೆಂಡತಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಮುಂದಿನ ವಾಕ್ಯ ಪರದೆಯ ಮೇಲೆ ಬರುವ ಹೊತ್ತಿಗೆ ಎಲ್ಲರೂ ಕೂತಾಗಿತ್ತು. ‘ಎಲ್ಲರೂ ಎದ್ದು ನಿಂತು ಮೌನ ಆಚರಿಸೋಣ’ ಅಂತ ಓದಿದ ಅತ್ತೆಯ ಮುಖದಿಂದ ನಗು ಹೇಗೆ ಇಳಿಯಿತು ಅನ್ನುವುದನ್ನು ಬೇಡಪ್ಪ ಪಕ್ಕದಲ್ಲೇ ಕೂತು ನೋಡಿದ.

ಕಾರಿನಲ್ಲಿ ಅತ್ತೆ, ತಮಗೆ ಸಾಧ್ಯವಾದಷ್ಟು ಮೆಲ್ಲಗೆ, “ಇನ್ನು ನಾನು ಇಲ್ಲಿಗೆ ಬರಲ್ಲ ಅಳಿಯಂದ್ರೇ,” ಅಂದರು. “ಮನೇಲಿ ಕೂತ್ರೆ ಕಿವಿ ಇಲ್ಲ ಅಂತಾರೆ ಅಷ್ಟೇ. ಇಲ್ಲಿಗೆ ಬಂದ್ರೆ ಬುದ್ಧೀನೇ ಇಲ್ಲ ಅಂತಾರೆ.”

ಬೇಡಪ್ಪ ಏನೋ ಹೇಳಲು ಬಾಯಿ ತೆರೆದ. ಗಾಡಿ ಓಡಿಸುವಾಗ ಅವರಿಗೆ ತುಟಿ ಕಾಣುವುದಿಲ್ಲ ಅಂತ ನೆನಪಾಗಿ ಮುಚ್ಚಿದ.

ಮುಂದಿನ ಶನಿವಾರ ಬೆಳಿಗ್ಗೆ ಹೆಂಡತಿ ಕೆಲಸಕ್ಕೆ ಹೋದಮೇಲೆ ಕಂಪ್ಯೂಟರಿನ ಮುಂದೆ ಕೂತ. ತಾನು ಬ್ರೌಸರ್ ಪಕ್ಷಕ್ಕೆ ಸೇರುತ್ತಿಲ್ಲ, ಸುಮ್ಮನೆ ನೋಡುತ್ತಿದ್ದೇನೆ ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡ. ನೋಡಿದರೆ ಬ್ರೌಸರಿನ ನಡವಳಿಕೆ ಅವನು ತಿಳಿದಷ್ಟು ಒರಟಾಗಿರಲಿಲ್ಲ. ಮೊದಲು ಅದು ಎಲ್ಲರಂತೆ ಬಂದು ಒಂದು ಪುಟ ಕೇಳುತ್ತದೆ. ಹಾಗೇ ವಿನಯದಿಂದ, ಈ ಲೈನನ್ನು ತೆರೆದೇ ಇಟ್ಟುಕೊಳ್ಳೋಣವೇ ಅಂತ ವಿಚಾರಿಸಿ, ಕೈಗೆ ಒಂದು ಗುರುತಿನ ಮಾತು ಕೊಡುತ್ತದೆ. ಆ ಮಾತನ್ನು ಗೊತ್ತಾದ ಲೆಕ್ಕದಲ್ಲಿ ಅರೆದು ವಾಪಸು ಕೊಟ್ಟರೆ ಲೈನು ನಿನ್ನದು. ಆಮೇಲೆ ಎರಡೂ ಕಡೆಯವರು ಯಾವಾಗ ಬೇಕಾದರೂ ಮಾತಾಡಬಹುದು. ಯಾರೂ ಮಾತಾಡದಿದ್ದರೆ ನಡುನಡುವೆ ‘ಇದ್ದೀಯಾ?’ ‘ಇದ್ದೀನಿ’ ಅಂದುಕೊಂಡರೆ ಸಾಕು. ತನ್ನ ಪಂಪುಗಳೂ ಇದನ್ನೇ ಮಾಡುತ್ತಿದ್ದವಲ್ಲ ಅಂತ ಅವನಿಗೆ ಆಗ ಹೊಳೆಯಿತು.

ಪರೀಕ್ಷೆಗೆ ಅತ್ತೆಯ ಟ್ಯಾಬ್ಲೆಟ್ ತೆಗೆದುಕೊಂಡ. ಮನೆಯಲ್ಲೇ ಅತಿ ಹಳೆಯ ಬ್ರೌಸರ್ ಇದ್ದದ್ದು ಅದರಲ್ಲಿ. ಅದು ಒಪ್ಪಿದರೆ ಲೋಕವೇ ಒಪ್ಪಿದ ಹಾಗೆ. ಬೀಗಕ್ಕೆ ಸರ್ಟಿಫಿಕೇಟು ಬೇಕಿತ್ತು, ಅಂದರೆ ಈ ಕಡೆ ಇರುವವನು ತಾನು ಹೇಳಿಕೊಂಡವನೇ ಹೌದು ಅನ್ನುವುದಕ್ಕೆ ಒಂದು ದಾಖಲೆ. ಅವನು ತನಗೆ ತಾನೇ ಒಂದು ಬರೆದುಕೊಂಡು ಹಚ್ಚಿದ. ಟ್ಯಾಬ್ಲೆಟ್ ಇಡೀ ಪರದೆಯನ್ನು ಕೆಂಪು ಮಾಡಿ, ಈತ ಯಾರೆಂದು ಹೇಳಿಕೊಳ್ಳುತ್ತಿದ್ದಾನೋ ಅವನೇ ಎಂದು ನಂಬಲು ಯಾವ ಆಧಾರವೂ ಇಲ್ಲ, ಜೋಪಾನ ಅಂತ ಎಚ್ಚರಿಸಿತು. ಸ್ವಂತ ಮನೆಯಲ್ಲಿ, ಸ್ವಂತ ಅತ್ತೆಯ ಟ್ಯಾಬ್ಲೆಟ್ಟಿನಿಂದ ಇಂಥ ಮಾತು! ಸರಿಯಾದ ಕಡೆಯಿಂದ ಸಹಿ ಹಾಕಿಸಿ ತಂದಮೇಲೆ ಅದು ಒಪ್ಪಿತು.

ಆಮೇಲೆ ಕನ್ನಡ ಅಕ್ಷರಗಳ ಕಾಟ. ಉದ್ದ ಸಾಲು ಕಳಿಸಿದರೆ ಅದು ತುಂಡುತುಂಡಾಗಿ ಹೋಗುತ್ತದೆ. ಕತ್ತರಿ ಸರಿಯಾಗಿ ಅಕ್ಷರದ ಹೊಟ್ಟೆಯ ಮೇಲೆ ಬಿದ್ದರೆ ಆ ಕಡೆ ‘ಅಧ್ಯಕ್ಷ’ ಹೋಗಿ ಬರೀ ಪ್ರಶ್ನೆಚಿಹ್ನೆಗಳು ಬರುತ್ತವೆ. ಎರಡು ಭಾನುವಾರ ಅದರಲ್ಲೇ ಕಳೆಯಿತು. ಪರೀಕ್ಷೆಗೆಂದು ಕೈಗೆ ಸುಲಭವಾಗಿ ಬಂದ ಮಾತನ್ನೇ ಅವನು ಮತ್ತೆಮತ್ತೆ ಕಳಿಸುತ್ತಿದ್ದ. ಒಮ್ಮೆ ಪರೀಕ್ಷೆಯ ಪುಟವನ್ನು ಮುಚ್ಚುವುದು ಮರೆತು ಟ್ಯಾಬ್ಲೆಟ್ಟನ್ನು ಅತ್ತೆಯ ಜಾಗದಲ್ಲೇ ಇಟ್ಟ. ಬಾಲ್ಕನಿಯ ಬಿಸಿಲಿನಲ್ಲಿ ಕೂತಿದ್ದ ಅತ್ತೆ ಅದನ್ನು ಕೈಗೆತ್ತಿಕೊಂಡರು. ಒಳಗಿನ ಕೋಣೆಯಲ್ಲಿ ಅಳಿಯ ಕೀಲಿ ಕುಟ್ಟುತ್ತಿದ್ದ ಹಾಗೆಲ್ಲ ಅವರ ತೊಡೆಯ ಮೇಲೆ ‘ಬೇಡ, ಬೇಡ, ಬೇಡ’ ಅಂತ ಅಕ್ಷರಗಳು ಉದುರಿದವು. ಅತ್ತೆ ಓದಿದರು, ಕೋಣೆಯ ಕಡೆ ನೋಡಿದರು, ಕಾಲಿನ ಮೇಲೆ ಕಾಲು ಹಾಕಿಕೊಂಡು ಇನ್ನಷ್ಟು ಓದಿದರು. ಯಾರಿಗೂ ಏನೂ ಹೇಳಲಿಲ್ಲ.

ಕೆಲಸ ಮುಗಿದ ದಿನ ಬೇಡಪ್ಪ ಲೈಬ್ರರಿಯ ಪುಟದಲ್ಲಿ ಹೀಗೆ ಬರೆದ: ‘ಬ್ರೌಸರ್ ಸಂಪರ್ಕ, ಸುರಕ್ಷಿತ ಸಂಪರ್ಕ ಎರಡನ್ನೂ ಸೇರಿಸಿದೆ.’ ಬರೆದು ಹಾರತುರಾಯಿಗೆ ಕಾದ. ಮೊದಲು ಬಂದ ಪ್ರತಿಕ್ರಿಯೆ: ‘ಇದು ನಿಜವಾಗ್ಲೂ ನೀವೇನಾ? ನಿಮ್ಮ ಪಾಸ್‌ವರ್ಡ್ ಯಾರಾದ್ರೂ ಕದ್ದಿದ್ದಾರಾ?’ ಎರಡನೆಯದು: ‘ಇದನ್ನು ಯಾರೂ ಹಾಕಿಕೊಳ್ಳಬೇಡಿ, ಅನುಮಾನ ಇದೆ.’

ಮನೆಯಲ್ಲಿ ಹೆಂಡತಿ ಕುಣಿಯುತ್ತ ಬಂದಳು. “ರೀ, ಲೈಬ್ರರಿ ಸರಿಹೋಯ್ತಂತೆ! ಕನ್ನಡಕದವಳು ಎರಡೇ ದಿನದಲ್ಲಿ ಪುಟ ಬದಲಾಯಿಸಿಬಿಟ್ಲು. ಬೀಗಾನೂ ಬಂತು, ನಾಳೆಯಿಂದ ಆಸ್ಪತ್ರೆಗೂ ಹೋಗ್ತೀನಿ.”

“ಒಳ್ಳೇದಾಯ್ತು. ಆ ಯಜಮಾನ ಮನಸ್ಸು ಬದಲಾಯಿಸಿರಬೇಕು,” ಅಂದ ಬೇಡಪ್ಪ, ಆದಷ್ಟು ತಿಳಿಯಾಗಿ.

“ಅವನೆಲ್ಲಿ ಬದಲಾಯಿಸ್ತಾನೆ! ತೀರಿಕೊಂಡಿರಬೇಕು, ಪಾಪ. ಯಾರೋ ಒಳ್ಳೇ ಹುಡುಗ ಈಗ ನೋಡ್ಕೊಳ್ತಿರಬೇಕು. ಎಂಥಾ ಕೆಲಸ ಮಾಡಿದಾನೆ ಅಂತೀರಿ, ಬಂಗಾರದಂಥ ಕೈ ಕಣ್ರೀ ಅವನದು.”

ಬೇಡಪ್ಪ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡ. ಬಂಗಾರದ ಕೈ ತನ್ನದೇ ಅನ್ನಬೇಕಾದರೆ ಆ ಸತ್ತವನೂ ತಾನೇ ಅನ್ನಬೇಕು. ಸತ್ತವನ ಮೇಲೆ ಅವಳು ಹೊರಿಸಿದ್ದ ಮಾತುಗಳೋ, ಒಂದೆರಡಲ್ಲ. ಸುಮ್ಮನೆ ತಟ್ಟೆ ನೋಡಿಕೊಂಡು ಊಟ ಮಾಡಿದ.

ತನ್ನ ಕೆಲಸ ಕಣ್ಣಾರೆ ನೋಡುವ ಆಸೆ ಮಾತ್ರ ಬಿಡಲಿಲ್ಲ. ಮುಂದಿನ ಸಭೆಗೆ ಅತ್ತೆಯನ್ನು ಕಾಡಿ ಬೇಡಿ ಹೊರಡಿಸಿದ. “ಈ ಸಲ ಚೆನ್ನಾಗಿರುತ್ತೆ, ಬನ್ನಿ,” ಅಂತ ಚೀಟಿಯಲ್ಲಿ ಬರೆದು ತೋರಿಸಿದ. ಅತ್ತೆ ಅವನನ್ನು ಒಂದು ನಮೂನೆ ನೋಡಿ, ಸರಿ ಅಂತ ಹೊರಟರು.

ಅವತ್ತು ವೇದಿಕೆ ತುಂಬಿತ್ತು. ಸಂಘ ಹುಟ್ಟಿದಾಗಿನಿಂದ ಅಧ್ಯಕ್ಷರಾಗಿರುವ ನಿವೃತ್ತ ಅಂಚೆ ಅಧಿಕಾರಿ, ಅವರ ಎಡಬಲದಲ್ಲಿ ಉಪಾಧ್ಯಕ್ಷರು, ಮಾಜಿ ಉಪಾಧ್ಯಕ್ಷರು, ಮುಂದೆ ಉಪಾಧ್ಯಕ್ಷರಾಗಲಿರುವವರು. ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡು, “ವೇದಿಕೆಯ ಮೇಲಿನ ಗಣ್ಯರೇ,” ಅಂತ ಶುರು ಮಾಡಿದ. ಅವನ ಬಾಯಿಂದ ಮಾತು ಬೀಳುವುದಕ್ಕೂ ಪರದೆಯ ಮೇಲೆ ಅಕ್ಷರ ಏಳುವುದಕ್ಕೂ ನಡುವೆ ಉಸಿರೆಳೆಯುವಷ್ಟೂ ಅಂತರ ಇರಲಿಲ್ಲ. ಬೇಡಪ್ಪನ ಎದೆ ಉಬ್ಬಿತು.

ಬೆರಳಿನ ಕಸುಬಿನವರು ಎಷ್ಟೇ ಪಳಗಿರಲಿ, ತಪ್ಪು ಆಗುತ್ತದೆ. ಮೊದಲಾದರೆ ಸಾಲು ಹೊರಡುವ ಮುಂಚೆ ತಿದ್ದುವಷ್ಟು ಬಿಡುವಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಈಗ ಅಕ್ಷರ ಬೆರಳು ಬಿಟ್ಟ ಕ್ಷಣವೇ ಲೋಕದ ಪಾಲು. ಅವಳು ಎರಡು ಪದಗಳ ನಡುವಿನ ಖಾಲಿ ಜಾಗವನ್ನು ಒಂದು ಅಕ್ಷರದಷ್ಟು ಮೊದಲೇ ಒತ್ತಿಬಿಟ್ಟಿದ್ದಳು, ಅಷ್ಟೇ. ಪರದೆಯ ತುಂಬ ದೊಡ್ಡದಾಗಿ ಬಂದದ್ದು: ‘ವೇದಿಕೆಯ ಮೇಲಿ ನಗಣ್ಯರೇ’.

ಮುಂದಿನ ಸಾಲುಗಳು ಬಿದ್ದುಬಿದ್ದು ನಕ್ಕವು. ಅತ್ತೆ ಪಕ್ಕದವರ ತೊಡೆ ತಟ್ಟಿ ನಕ್ಕರು. ಈ ಸಲ ಏನೂ ಅರ್ಥವಾಗದೆ ಕೂತವರು ಕಿವಿ ಕೇಳುವವರು. ಕಾರ್ಯದರ್ಶಿ ತನ್ನ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡ. ಅಧ್ಯಕ್ಷರು ಉಪಾಧ್ಯಕ್ಷರ ಕಡೆ ಬಾಗಿ, “ಏನಾಯ್ತಂತೆ?” ಅಂದರು. “ಏನಿಲ್ಲ,” ಅಂದರು ಉಪಾಧ್ಯಕ್ಷರು, ತಿರುಗಿ ಪರದೆ ಓದಿ ಕೆಂಪಾಗಿ.

ಮನೆಗೆ ಬಂದ ಹೆಂಡತಿಯ ಕೋಪ ನೋಡಬೇಕಿತ್ತು.

“ಯಾವನ್ರೀ ಅವನು ಇದನ್ನ ಮಾಡಿದೋನು? ನನ್ನ ಮಾನ ಮೂರುಕಾಸಿಗೆ ಹರಾಜಾಯ್ತು! ಒಂದು ಅಕ್ಷರ ತಿದ್ದೋಕೂ ಬಿಡಲ್ವಲ್ಲ! ಆ ಹಳೇ ಯಜಮಾನನೇ ಎಷ್ಟೋ ವಾಸಿ. ಬೇಡ ಬೇಡ ಅಂತ ಬಡ್ಕೊಂಡನಲ್ಲ, ಸುಮ್ನೆ ಅಂದಿರಲಿಲ್ಲ. ತಿಳಿದೋನು ಕಣ್ರೀ ಅವನು. ದೊಡ್ಡ ಮನುಷ್ಯ.”

ಇಷ್ಟು ವರ್ಷಕ್ಕೆ ಅವನ ‘ಬೇಡ’ವನ್ನು ಹೊಗಳಿದವಳು ಇವಳೊಬ್ಬಳೇ. ಹೊಗಳಿದ್ದೂ ಯಾವಾಗ? ಅವನು ಅದನ್ನು ಬಿಟ್ಟುಕೊಟ್ಟ ಮೇಲೆ. ಬೇಡಪ್ಪನಿಗೆ ತಡೆಯಲಾಗಲಿಲ್ಲ.

“ಇಬ್ಬರೂ ನಾನೇ,” ಅಂದ.

“ಏನು?”

“ಬೇಡ ಅಂದವನೂ ನಾನೇ, ಮಾಡಿದವನೂ ನಾನೇ. ಆ ಲೈಬ್ರರಿ ನನ್ನದು. ಮದುವೆಯಾದಾಗ ಹೇಳಿದ್ನಲ್ಲ.”

ಹೆಂಡತಿ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. ಆಮೇಲೆ ಅಂದಿನ ಮೊದಲ ನಗು ನಕ್ಕಳು. “ನನ್ನ ಸಮಾಧಾನಕ್ಕೆ ಅಂತ ಏನೇನೋ ಹೇಳಬೇಡಿ. ನೀವು ಪಂಪಿನೋರು.”

“ಏನಂತೆ?” ಅಂದರು ಅತ್ತೆ. ಮಗಳು ನಗುತ್ತಲೇ ಟ್ಯಾಬ್ಲೆಟ್ಟನ್ನು ಅಮ್ಮನ ಕೈಗೆ ಕೊಟ್ಟು, ತನ್ನ ಕೀಲಿಮಣೆ ತೆಗೆದು ಟೈಪು ಮಾಡತೊಡಗಿದಳು: ‘ಆ ಲೈಬ್ರರಿಯ ಯಜಮಾನ ತಾವೇ ಅಂತ ಇವರು...’ ಸಾಲು ಮುಗಿಯುವ ತನಕ ಅತ್ತೆ ಕಾಯಬೇಕಾಗಿರಲಿಲ್ಲ.

“ಇನ್ನೇನು ಮತ್ತೆ?” ಅಂದರು ಗಟ್ಟಿಯಾಗಿ. “ಭಾನುವಾರವಿಡೀ ನನ್ನ ತೊಡೆ ಮೇಲೆ ಬೇಡ ಬೇಡ ಅಂತ ಬರೀತಿದ್ದರಲ್ಲ. ಊರಲ್ಲಿ ಅಷ್ಟು ಸಲ ಬೇಡ ಅನ್ನೋರು ಇನ್ಯಾರಿದಾರೆ ಹೇಳು? ಹೇಳೋಣ ಅಂದ್ರೆ, ನೀನು ನನಗೆ ಯಾವತ್ತಾದ್ರೂ ಏನಾದ್ರೂ ಹೇಳಿದೀಯಾ?”

ಹೆಂಡತಿ ಕೂತುಬಿಟ್ಟಳು. ಅವನ ಹೆಂಡತಿ ಹೇಗೆ ಬಾಳ್ತಿದಾಳೋ ಅಂತ ತಾನೇ ಮರುಗಿದ್ದು ನೆನಪಾಗಿರಬೇಕು, ಮುಖ ಒಂದು ಥರಾ ಆಯಿತು. ಆಮೇಲೆ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಆಡಿದ ಮೊದಲ ಮಾತು: “ತಿದ್ದೋಕೆ ಸ್ವಲ್ಪ ಬಿಡುವು ಕೊಡೋ ಹಾಗೆ ಮಾಡಿ. ಪೂರ್ತಿ ಪದ ಆದಮೇಲೆ ಹೋಗಲಿ.”

“ಬೇಡ,” ಅಂದ ಬೇಡಪ್ಪ. “ಅದು ಲೈಬ್ರರಿಯ ಕೆಲಸ ಅಲ್ಲ. ಪುಟದ ಕಡೆ ಮಾಡಿಕೊಳ್ಳಬೇಕು.”

“ಮತ್ತೆ ಶುರು ಮಾಡಿದ್ರಾ?”

“ಇದು ನಿಜವಾಗ್ಲೂ...”

“ಉದ್ದೇಶ ಅದಲ್ಲ, ಅಲ್ವಾ?”

ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಅದೇ ಅವನ ಗ್ರಹಚಾರ. ಜೀವಮಾನದಲ್ಲಿ ಒಮ್ಮೆ ಕಾರಣವಿಟ್ಟುಕೊಂಡು ಬೇಡ ಅಂದರೆ ಕೇಳುವವರಿಲ್ಲ. ಕನ್ನಡಕದವಳು ತನ್ನ ಪುಟದಲ್ಲೇ ಅರ್ಧ ದಿನದಲ್ಲಿ ಅದನ್ನು ಮಾಡಿಕೊಂಡು, ‘ನೀವು ಹೇಳಿದ್ದೇ ಸರಿ’ ಅಂತ ಬರೆದಳು. ಆ ಸಾಲನ್ನು ಹೆಂಡತಿಗೆ ತೋರಿಸಲು ಅವನು ಕಂಪ್ಯೂಟರನ್ನು ಎತ್ತಿಕೊಂಡೇ ಅಡುಗೆಮನೆಗೆ ಹೋದ. ಅವಳು ಬಾಗಿಲು ಹಾಕಿಕೊಂಡು ಮಾರುಕಟ್ಟೆಗೆ ಹೋಗಿದ್ದಳು.

ವಿಷಯ ಅತ್ತೆಯ ಬಾಯಿಂದ ಸಂಘಕ್ಕೆ ಮುಟ್ಟಿತು. ಅತ್ತೆ ಮೆಲ್ಲಗೆ ಹೇಳಿದರೂ ಅದು ಘೋಷಣೆಯೇ. ನಮ್ಮನ್ನು ಮೊದಲು ನಗುವ ಹಾಗೆ ಮಾಡಿದ ಆ ಮಹಾನುಭಾವ ಬಂದು ಎರಡು ಮಾತಾಡಬೇಕು ಅಂತ ಮುಂದಿನ ಸಾಲಿನವರು ಹಟ ಹಿಡಿದರು. ಬೇಡಪ್ಪ ಬೇಡ ಅಂದ. ಹೆಂಡತಿ ಅವನ ಪರವಾಗಿ ಒಪ್ಪಿಕೊಂಡು ಬಂದಿದ್ದಳು.

ವೇದಿಕೆ ಹತ್ತಿದವನು ಮೊದಲು ಚೀಟಿ ನೋಡಿಕೊಂಡೇ ಓದಿದ. ಆದರೆ ಸರ್ಟಿಫಿಕೇಟಿನ ವಿಷಯಕ್ಕೆ ಬಂದಾಗ ಅವನಿಗೆ ಧೈರ್ಯ ಬಂತು. ಅದರ ಸಹಿ, ಸಹಿ ಹಾಕಿದವನ ಸಹಿ, ಅವನಿಗೆ ಸಹಿ ಹಾಕಿದವನ ಸಹಿ ಅಂತ ಏಣಿ ಹತ್ತುತ್ತ ಹೋದ. ಪಕ್ಕದ ಮೇಜಿನಲ್ಲಿ ಹೆಂಡತಿ ಟೈಪು ಮಾಡುತ್ತಿದ್ದಳು. ಮೊದಮೊದಲು ಹೇಳಿದ್ದನ್ನೇ ಹಾಕಿದಳು. ಆಮೇಲೆ ಅವನ ಹಿಂದಿನ ಪರದೆಯ ಮೇಲೆ ‘(ಇನ್ನೂ ಸರ್ಟಿಫಿಕೇಟಿನ ವಿಷಯವೇ)’ ಅಂತ ಬಂತು. ಸ್ವಲ್ಪ ಹೊತ್ತಿಗೆ ‘(ನೀರು ಕುಡಿಯುತ್ತಿದ್ದಾರೆ. ಮುಗಿಯಿತು ಅಂದುಕೊಳ್ಳಬೇಡಿ)’ ಅಂತ ಬಂತು. ಮುಂದಿನ ಸಾಲು ಸಂತೋಷದಿಂದ ನಕ್ಕಿತು. ಈಗ ಹಿಂದಿನ ಸಾಲಿನವರೂ ಪರದೆಯನ್ನೇ ನೋಡುವುದು ಕಲಿತಿದ್ದರು; ಅವರೂ ನಕ್ಕರು. ಅಧ್ಯಕ್ಷರು ಸಹ ಕುರ್ಚಿ ತಿರುಗಿಸಿಕೊಂಡು ಓದಿ ನಕ್ಕರು. ತಿರುಗಿ ನೋಡದವನು ಸಭೆಯಲ್ಲಿ ಬೇಡಪ್ಪ ಒಬ್ಬನೇ. ಸಹಿಗಳ ವಿಷಯದಲ್ಲಿ ಇಷ್ಟು ಹಾಸ್ಯ ಇದೆ ಅಂತ ತನಗೇ ಗೊತ್ತಿರಲಿಲ್ಲವಲ್ಲ ಅಂತ ಅವನಿಗೆ ಹುರುಪು ಬಂದು, ಬೇಡವಾಗಿದ್ದ ಎರಡು ಉದಾಹರಣೆಗಳನ್ನೂ ಸೇರಿಸಿದ.

“ಜನ ಚೆನ್ನಾಗಿ ಸ್ಪಂದಿಸಿದರು,” ಅಂದ ಕಾರಿನಲ್ಲಿ.

“ಹೌದ್ರೀ, ತುಂಬಾ,” ಅಂದಳು ಹೆಂಡತಿ, ಕಿಟಕಿಯ ಹೊರಗೆ ನೋಡುತ್ತ.

ಮನೆಗೆ ಬಂದವನು ಬಟ್ಟೆ ಕೂಡ ಬದಲಾಯಿಸದೆ ಮೇಜಿಗೆ ಕೂತ. ಕಾರ್ಯದರ್ಶಿ ಮುಂದಿನ ತಿಂಗಳೂ ಬರಬೇಕು ಅಂತ ಕೈಹಿಡಿದು ಕೇಳಿಕೊಂಡಿದ್ದ, ಅವನು ಅಲ್ಲೇ ಹೂಂ ಅಂದು ಬಂದಿದ್ದ. ಹೇಳುವುದು ಇನ್ನೂ ಬೇಕಾದಷ್ಟಿತ್ತು. ಸರ್ಟಿಫಿಕೇಟಿನ ಅವಧಿ ಮುಗಿದರೆ ಏನಾಗುತ್ತದೆ ಅನ್ನುವುದನ್ನು ಅವನು ಮುಟ್ಟಿಯೇ ಇರಲಿಲ್ಲ.